ಏಳನೇ ಕಾಟೇಜಿನವರನ್ನು ನೆಲಕ್ಕಿಳಿಸಿದ್ದು

ಕಡಲ ತೀರದ ಆ ರೆಸಾರ್ಟಿನಲ್ಲಿ ನಾನು ಕೋಣೆ ಗುಡಿಸಿ, ಒರೆಸಿ, ಹಾಸಿಗೆ ಹಾಸುವ ಕೆಲಸಕ್ಕಿದ್ದೆ. ನಮ್ಮ ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿ ಕೇರಳದ ಗಡಿ ದಾಟಿದರೆ, ಆಮೇಲೆ ಇನ್ನೊಂದು ಬಸ್ಸು, ಅಷ್ಟೇ ದೂರ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಉಳಿದ ದಿನಗಳಲ್ಲಿ ಗಾಳಿಮರಗಳ ಹಿಂದಿದ್ದ ಕ್ವಾರ್ಟರ್ಸಿನಲ್ಲಿ ವಾಸ.

ಹೆಸರಿಗೆ ನಾವು ಸಮುದ್ರದ ಪಕ್ಕದಲ್ಲಿದ್ದೆವು. ಮರಳಿಗೆ ಕಾಲಿಡುವ ಹಾಗಿರಲಿಲ್ಲ. ಅತಿಥಿಗಳಿಗೆ ಹೂಗಿಡಗಳ ನಡುವಿನ ದಾರಿ, ನಮಗೆ ಅಡುಗೆಮನೆಯ ಹಿಂದಿನ ದಾರಿ. ಅವರು ಕಣ್ಣಿಗೆ ಬಿದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟು ನಗಬೇಕು. ನಗದವರನ್ನು ಸಂಜೆಯ ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ಸ್ವಲ್ಪ ಕಾಲದಲ್ಲೇ ನನ್ನ ಮುಖ ತನ್ನಷ್ಟಕ್ಕೆ ನಗಲು ಕಲಿಯಿತು, ಒಳಗೆ ಏನುಂಟು ಎಂದು ನನ್ನನ್ನು ಕೇಳುವುದನ್ನೇ ಬಿಟ್ಟಿತು. ಒಮ್ಮೆ ಊರಿಗೆ ಹೋದಾಗ ಹಟ್ಟಿಯಲ್ಲಿ ಕರು ಸತ್ತು ಬಿದ್ದಿತ್ತು. ಅದನ್ನು ನೋಡಿಯೂ ನಕ್ಕೆನಂತೆ. ಗಂಡ ಹೇಳಿದ್ದು.

ನನ್ನ ಜೊತೆಗೆ ಕೆಲಸಕ್ಕಿದ್ದವರು ರಾಮಕುಂಜದ ಕಡೆಯ ಒಬ್ಬರು. ನನಗಿಂತ ಬಹಳ ದೊಡ್ಡವರು, ಹಾಗಾಗಿ ಅಕ್ಕ. ಮದುವೆಯಾಗಿರಲಿಲ್ಲ. ಒಡಹುಟ್ಟಿದ ತಮ್ಮ ಹೊಸ ಮನೆ ಕಟ್ಟಿಸಿದಾಗ ಇವರಿಗೆಂದು ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ರಜೆಯಲ್ಲೂ ಕ್ವಾರ್ಟರ್ಸಿನಲ್ಲೇ ಇರುತ್ತಿದ್ದರು. ಯಾಕೆ ಎಂದು ಕೇಳಿದರೆ "ಬಸ್ಸಲ್ಲಿ ನಂಗೆ ವಾಂತಿ ಬರ್ತದೆ ಮಾರಾಯ್ತಿ" ಎನ್ನುತ್ತಿದ್ದರು. ನಾವೂ ನಂಬಿದವರ ಹಾಗೆ ಇರುತ್ತಿದ್ದೆವು. ಆ ಕ್ವಾರ್ಟರ್ಸಿನ ಮಂಚ ಬಿಟ್ಟರೆ ಅವರಿಗೆ ಮನೆ ಎಂಬುದಿರಲಿಲ್ಲ.

ಏಳನೇ ಕಾಟೇಜಿಗೆ ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಒಬ್ಬ ವಯಸ್ಸಾದವರು ಬರುತ್ತಿದ್ದರು. ಉತ್ತರದ ಕಡೆಯವರು. ಒಬ್ಬರೇ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಹಾಸಿಗೆಯ ಬಟ್ಟೆಯನ್ನು ನಾವು ನಾಲ್ಕು ಸುತ್ತಲೂ ಬಿಗಿದು ಸಿಕ್ಕಿಸಿ ಬರಬೇಕು, ಅದು ಅಲ್ಲಿನ ಕ್ರಮ. ಅವರು ಬೆಳಿಗ್ಗೆಯೊಳಗೆ ಎಲ್ಲವನ್ನೂ ಎಳೆದು ಹಾಕಿರುತ್ತಿದ್ದರು. "ಇವರಿಗೆ ಚಾಪೆಯೇ ಸಾಕಿತ್ತು, ಸುಮ್ಮನೆ ಇಲ್ಲಿ ಬಂದು ಬೀಳುದು" ಎಂದು ಅಕ್ಕ ಗೊಣಗುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲು ತಟ್ಟಿದರೆ ಉತ್ತರವಿಲ್ಲ. ನಮ್ಮಲ್ಲಿದ್ದ ಕೀ ಹಾಕಿ ಒಳಗೆ ಹೋದೆವು. ಮಂಚದ ಮೇಲೆ ಮಗ್ಗುಲಾಗಿ, ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿದ್ದರು. ಮುಟ್ಟಿದರೆ ತಣ್ಣಗಾಗಿತ್ತು. ನಾನು ಆಫೀಸಿಗೆ ಹೇಳಲು ಫೋನಿಗೆ ಕೈ ಹಾಕಿದೆ.

"ಫೋನ್ ಮತ್ತೆ ಮಾಡಿದ್ರಾಯ್ತು. ಮೊದಲು ಕೆಳಗೆ ಇಳಿಸುವ, ಹಿಡಿ" ಎಂದರು ಅಕ್ಕ.

ಜೀವ ಹೋದವರನ್ನು ನಮ್ಮ ಕಡೆ ಮಂಚದ ಮೇಲೆ ಬಿಡುವುದಿಲ್ಲ. ಅತಿಥಿಗಾದರೂ ಅದೇ, ಮ್ಯಾನೇಜರಿಗಾದರೂ ಅದೇ. ತಪ್ಪೋ ಸರಿಯೋ ಎಂದು ಇಬ್ಬರೂ ಯೋಚಿಸಲಿಲ್ಲ. ಹಾಸಿಗೆಯ ಬಟ್ಟೆ ಸಮೇತ ಎತ್ತಿ ನೆಲಕ್ಕಿಳಿಸಿ, ಕಾಲು ನೀಡಿಸಿ, ತಲೆಯನ್ನು ದಕ್ಷಿಣಕ್ಕೆ ಮಾಡಿ ಮಲಗಿಸಿದೆವು. ಸಮುದ್ರ ಪಡುವಣಕ್ಕಿದ್ದುದರಿಂದ ದಿಕ್ಕಿಗೆ ತೊಂದರೆಯಾಗಲಿಲ್ಲ. ಅಕ್ಕ ಬಾಟಲಿಯ ನೀರನ್ನು ತುಟಿಗೆ ಹನಿಸಿದರು. ತಲೆಯ ಹತ್ತಿರ ಒಡೆದ ತೆಂಗಿನಕಾಯಿಯ ಕಡಿಯಲ್ಲಿ ದೀಪ ಇಡಬೇಕಿತ್ತು. ಅದಿಲ್ಲದ್ದಕ್ಕೆ ಸ್ನಾನದ ಟಬ್ಬಿನ ಬದಿಯ ಸುವಾಸನೆಯ ಕ್ಯಾಂಡಲನ್ನೇ ಹಚ್ಚಿಟ್ಟರು. ಕೋಣೆಯೆಲ್ಲ ಮಲ್ಲಿಗೆಯ ವಾಸನೆ. ನನಗೆ ಏನೂ ಅನ್ನಿಸಲಿಲ್ಲ. ಹಾಸಿಗೆಯ ಬಟ್ಟೆ ಒಂದು ಕಡಿಮೆಯಾಯಿತು, ಲೆಕ್ಕ ಹೇಳಬೇಕಲ್ಲ ಎಂದಷ್ಟೇ ತಲೆಗೆ ಬಂತು.

ಮ್ಯಾನೇಜರ್ ಓಡಿಬಂದವರು ಮೊದಲು ಕ್ಯಾಂಡಲ್ ಆರಿಸಿದರು. ಪೊಲೀಸರು ಬರುವ ಮೊದಲು ಹೆಣ ಮುಟ್ಟಿದ್ದು ಯಾಕೆಂದು ಸಣ್ಣ ಸ್ವರದಲ್ಲೇ ಬೈದರು. ದೊಡ್ಡ ಸ್ವರ ಅಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಹೇಳಿದರು: "ಅವರು ನೆಲದ ಮೇಲೇ ಇದ್ದದ್ದು. ನೀವು ನೋಡಿ ಫೋನ್ ಮಾಡಿದಿರಿ. ಇದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೆ ಇಬ್ಬರಿಗೂ ಇಲ್ಲಿ ಕೆಲಸವಿಲ್ಲ." ಪೊಲೀಸರು ಮ್ಯಾನೇಜರನ್ನೇ ಕೇಳಿ ಬರೆದುಕೊಂಡು ಹೋದರು. ಡಾಕ್ಟರು ಹೃದಯ ನಿಂತದ್ದು ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಅವರ ಮಗಳು ಬಂದಳು. ಮೊದಲು ನೋಡಿದ್ದು ಯಾರು ಎಂದು ಕೇಳಿ ನಮ್ಮನ್ನು ಆ ಕೋಣೆಗೆ ಕರೆಸಿದಳು. ಮ್ಯಾನೇಜರ್ ಪಕ್ಕದಲ್ಲಿ ನಿಂತರು. ಅವಳು ಹಿಂದಿಯಲ್ಲಿ ನೆಲವನ್ನೇ ನೋಡುತ್ತಾ ಕೇಳಿದಳು: ಎಷ್ಟು ಹೊತ್ತು ಬಿದ್ದಿದ್ದರು? ಬಾಗಿಲ ಕಡೆ ತೆವಳಿದ ಹಾಗಿತ್ತಾ? ಕರೆದದ್ದು ಯಾರಿಗೂ ಕೇಳಿಸಲಿಲ್ಲವಾ? ಮಂಚದ ಪಕ್ಕದ ಬೆಲ್ಲಿಗೂ ನೆಲಕ್ಕೂ ಇರುವ ದೂರವನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಅಕ್ಕನಿಗೆ ಹಿಂದಿ ಬಾರದು. "ಎಂತ ಕೇಳುದು ಆ ಹುಡುಗಿ?" ಎಂದರು. ನಾನು ಹೇಳಿದೆ.

"ಅಯ್ಯೋ, ಬಿದ್ದದ್ದಲ್ಲ ಅಂತ ಹೇಳು. ಮಲಗಿದಲ್ಲೇ ಹೋದದ್ದು, ಮಕ್ಕಳ ಹಾಗೆ ಮಲಗಿದ್ರು ಅಂತ ಹೇಳು. ಇಳಿಸಿದ್ದು ನಾನು. ನಿನ್ನ ಸುದ್ದಿ ಹೇಳುದು ಬೇಡ."

ಮ್ಯಾನೇಜರ್ ನನ್ನನ್ನೇ ನೋಡಿ ನಗುತ್ತಿದ್ದರು. ನನಗೆ ಹೆದರಿಕೆಯೂ ಆಗಲಿಲ್ಲ, ಧೈರ್ಯವೂ ಬರಲಿಲ್ಲ. ಅಕ್ಕ ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ. ಇಳಿಸಿದ್ದು ನಾವಿಬ್ಬರು ಎಂದು ಹೇಳಿದೆ. ಯಾಕೆ ಇಳಿಸಿದಿರಿ ಎಂದು ಅವಳು ಕೇಳಿದಳು. ಅದನ್ನೂ ಅಕ್ಕನಿಗೆ ಹೇಳಿದೆ.

"ಮಂಚದಲ್ಲೇ ಬಿಟ್ರೆ ಯಾರೂ ಇಲ್ಲದವರ ಹಾಗೆ ಆಗ್ತದಲ್ಲ" ಎಂದರು ಅಕ್ಕ.

ಅದನ್ನು ಹಿಂದಿಗೆ ತಿರುಗಿಸಿದ ಮೇಲೆ ಅವಳು ಅದೇ ಜಾಗದಲ್ಲಿ ಕುಸಿದು ಕುಳಿತು ಅತ್ತಳು. ಎಷ್ಟೋ ಹೊತ್ತು ಅಕ್ಕನ ಕೈ ಬಿಡಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಮುಖ ಆಗ ಏನು ಮಾಡುತ್ತಿತ್ತೋ ನನಗೆ ಗೊತ್ತಿಲ್ಲ.

ಅವಳು ದೂರು ಕೊಡಲಿಲ್ಲ. ಆದರೆ ಮ್ಯಾನೇಜರ್ ಆಡಿದ ಮಾತು ಬಿಡುವವರಲ್ಲ. ಅವಳು ಹೋದ ಮೇಲೆ ಇಬ್ಬರನ್ನೂ ಕರೆದು, ಸಂಜೆಯೊಳಗೆ ಕ್ವಾರ್ಟರ್ಸ್ ಖಾಲಿ ಮಾಡಿ ಎಂದರು. ಅದಕ್ಕೆ ಮೊದಲು ಏಳನೇ ಕಾಟೇಜನ್ನು ಸಿದ್ಧ ಮಾಡಿ ಹೋಗಬೇಕು, ಹೊಸದಾಗಿ ಮದುವೆಯಾದವರು ಬರುವವರಿದ್ದಾರೆ ಎಂದರು. ಮಾಡಿದೆವು. ನೆಲ ಒರೆಸಿ, ಬಟ್ಟೆ ಬಿಗಿದು, ಅದರ ಮೇಲೆ ಗುಲಾಬಿಯ ಎಸಳು ಜೋಡಿಸಿದೆವು. ಅಕ್ಕ ಒಂದು ಎಸಳೂ ಸೊಟ್ಟಗಾಗದ ಹಾಗೆ ಇಟ್ಟರು.

ಕಾಸರಗೋಡಿನಲ್ಲಿ ನಮ್ಮೂರಿನ ಮೇಲೆ ಹೋಗುವ ಸುಳ್ಯದ ಬಸ್ಸು ಸಿಕ್ಕಿತು. ಅಕ್ಕ ಕಿಟಕಿಯ ಪಕ್ಕ ಕುಳಿತು ತಮ್ಮ ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡರು. ಕಂಡಕ್ಟರ್ ಬಂದು ಮೊದಲು ಅವರನ್ನೇ ಕೇಳಿದ.

"ಎಲ್ಲಿಗೆ ಅಮ್ಮ?"

ಅಕ್ಕ ಅವನ ಮುಖ ನೋಡಿದರು. ಬಾಯಿ ತೆರೆದರು, ಊರಿನ ಹೆಸರು ಯಾವುದೂ ಬರಲಿಲ್ಲ. ಅವನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದ. "ಎಲ್ಲಿಗೆ ಹೋಗುದು ಮಾರಾಯ್ರೆ, ಬೇಗ ಹೇಳಿ." ಅಕ್ಕ ಕಿಟಕಿಯ ಕಡೆ ತಿರುಗಿದರು.

"ಎರಡು ಜಾಲ್ಸೂರು" ಎಂದೆ ನಾನು.