ಹಾರ್ಬಿನ್‌ನ ಐಸಿನ ಓಣಿಯಲ್ಲಿ ಸುಧಾಕರನ ಜೊತೆಗಿದ್ದವನು

ಇದು ಕಟ್ಟಿ ಹೇಳುತ್ತಿರುವ ಕಥೆಯಲ್ಲ. ಹಂಗಾರಕಟ್ಟೆಯಲ್ಲಿ ಮೀನಿನ ದೋಣಿಗಳಿಗೆ ಐಸ್ ಮಾರುವವನು ನಾನು. ಕಥೆ ಕಟ್ಟುವಷ್ಟು ತಲೆಯೂ ಇಲ್ಲ, ಪುರಸೊತ್ತೂ ಇಲ್ಲ. ದೆವ್ವ, ಪೀಡೆ ಎಂದವರನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕವನು. ಆದರೆ ಎರಡು ವರ್ಷದ ಹಿಂದಿನ ಆ ಒಂದು ರಾತ್ರಿಯ ವಿಷಯಕ್ಕೆ ಯಾರಾದರೂ ನಕ್ಕರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ನನ್ನ ಐಸ್ ಪ್ಲಾಂಟಿಗೆ ಹೊಸ ಮೆಷಿನ್ ನೋಡಲು ಚೀನಾಕ್ಕೆ ಹೋಗಿದ್ದೆ. ಜೊತೆಗೆ ಚಿಕ್ಕಂದಿನ ಗೆಳೆಯ ಸುಧಾಕರ. ನಮ್ಮೂರಿನವನೇ, ಈಗ ಕುಂದಾಪುರದಲ್ಲಿ ಹೋಟೆಲ್ ಇಟ್ಟಿದ್ದಾನೆ. ಬೀಜಿಂಗ್‌ನಲ್ಲಿ ಅಡುಗೆ ಕೆಲಸಕ್ಕಿರುವ ಬೈಂದೂರಿನ ಪ್ರಕಾಶ ನಮಗೆ ದಾರಿ ತೋರಿಸುವವನು. ಅವನಿಗೆ ಶನಿವಾರ, ಭಾನುವಾರ ರಜೆ ಸಿಕ್ಕಿತು.

"ಉತ್ತರದಗೆ ಐಸಿನ್ ಹಬ್ಬ ಆತ್ತ್ ಮಾರಾಯಾ. ಐಸ್ ಮಾರು ಜನ ನೀನ್, ಅದನ್ ಕಾಣ್ದೆ ಹೋಪುದಾ?" ಎಂದ. ಮೂವರೂ ಆ ಹಬ್ಬ ನಡೆಯುವ ಹಾರ್ಬಿನ್ ಊರಿಗೆ ರೈಲು ಹತ್ತಿದೆವು.

ಮುಂದಿನದ್ದಕ್ಕೆ ಮೊದಲು ಒಂದು ವಿಷಯ ಹೇಳಿಬಿಡಬೇಕು... ಸುಧಾಕರನ ತಮ್ಮ ದಿನೇಶ ಅದಕ್ಕೂ ಒಂಬತ್ತು ವರ್ಷ ಮೊದಲು ನಮ್ಮೂರ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ದೋಣಿ ಮಗುಚಿ ತೀರಿಕೊಂಡಿದ್ದ. ಆ ಬೆಳಗಿನ ಜಾವ ಅವನು ನನಗೆ ಫೋನ್ ಮಾಡಿದ್ದ. ದೋಣಿಯವರು ಹೊತ್ತುಗೊತ್ತಿಲ್ಲದೆ ಐಸ್ ಕೇಳಲು ಫೋನ್ ಮಾಡುವುದು ನಮ್ಮಲ್ಲಿ ಮಾಮೂಲು. ಇದೂ ಅದೇ ಇರಬೇಕೆಂದು, ಹೆಸರು ನೋಡಿ, ಫೋನನ್ನು ಬೋರಲು ಹಾಕಿ ಮಗ್ಗುಲು ಬದಲಿಸಿದೆ. ಬೆಳಗಾದ ಮೇಲೆ ಸುದ್ದಿ ಬಂತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಗೊತ್ತಾದರೆ ಸುಧಾಕರ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ ಎಂಬ ಹೆದರಿಕೆಯಲ್ಲೇ ಅಷ್ಟು ವರ್ಷ ಅವನೆದುರು ಕೂತು ಚಾ ಕುಡಿದಿದ್ದೆ.

ಹಾರ್ಬಿನ್‌ನಲ್ಲಿ ಸಂಜೆ ನಾಲ್ಕೂವರೆಗೇ ಕಗ್ಗತ್ತಲು. ಮೈನಸ್ ಇಪ್ಪತ್ತೈದು ಡಿಗ್ರಿ. ಉಸಿರೆಳೆದರೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಐಸಿನ ಗೋಪುರ, ಐಸಿನ ಸೇತುವೆ, ಒಳಗೆ ನೀಲಿ, ಹಸಿರು ದೀಪ. ಎಲ್ಲ ಅಲ್ಲಿನ ಹೊಳೆಯಿಂದ ಕೊಯ್ದು ತಂದ ಐಸ್ ಅಂತೆ. ಪ್ರಕಾಶ ಕೊಡಿಸಿದ ಒಂದೇ ನಮೂನೆಯ ಕರಿ ಕೋಟು, ಟೊಪ್ಪಿ, ಮೂಗಿನ ಮೇಲೆ ಮಫ್ಲರ್. ಮೂವರದ್ದೂ ಕಣ್ಣು ಮಾತ್ರ ಕಾಣುತ್ತಿತ್ತು.

ಎಲ್ಲಿಂದಲೋ ಟಕ್... ಟಕ್... ಎಂಬ ಸದ್ದು. ಐಸ್ ಬಿರಿಯುವ ಸದ್ದು ನನಗೇನೂ ಹೊಸದಲ್ಲ. ಆದರೆ ಇದು ನಾವು ನಡೆದಾಗ ಶುರುವಾಗುತ್ತಿತ್ತು, ನಿಂತಾಗ ನಿಲ್ಲುತ್ತಿತ್ತು. ಪ್ರಕಾಶನೇ ಏನೋ ಕಿತಾಪತಿ ಮಾಡುತ್ತಿದ್ದಾನೆ ಎಂದು ಅವನ ಕೈ ನೋಡಿದೆ. ಎರಡೂ ಕಿಸೆಯಲ್ಲಿದ್ದವು.

ಒಂದು ಕಡೆ ಆಳೆತ್ತರದ ಐಸಿನ ಗೋಡೆಗಳ ಸುತ್ತುಬಳಸು ಓಣಿ. ಒಳಗೆ ಹೊಕ್ಕವರು ದಾರಿ ಹುಡುಕಿಕೊಂಡು ಆಚೆ ಬರಬೇಕು. ನನ್ನ ಕಾಲ್ಬೆರಳು ಆಗಲೇ ಮರಗಟ್ಟಿತ್ತು.

"ನಾ ಬತ್ತಿಲ್ಲ," ಎಂದೆ.

"ಪುಕ್ಕಲ! ಹತ್ತ್ ನಿಮ್ಷದಗೆ ಬತ್ತೆ, ಕಾಣ್," ಎಂದು ಸುಧಾಕರ ಒಬ್ಬನೇ ಒಳಗೆ ಹೋದ.

ನಾನೂ ಪ್ರಕಾಶನೂ ಪಕ್ಕದಲ್ಲಿದ್ದ ಬೆಚ್ಚಗಿನ ಕೋಣೆಯಲ್ಲಿ ಕೂತು ಬಿಸಿ ಸೂಪ್ ಕುಡಿದೆವು. ಹತ್ತು ನಿಮಿಷ ಹೋಯಿತು, ಅರ್ಧ ಗಂಟೆಯಾಯಿತು. ಸುಧಾಕರನ ಫೋನ್ ಸ್ವಿಚ್ ಆಫ್. ಆ ಚಳಿಗೆ ಬ್ಯಾಟರಿ ನಿಲ್ಲುವುದಿಲ್ಲ ಎಂದು ಪ್ರಕಾಶ ಮೊದಲೇ ಹೇಳಿದ್ದ. ಎದ್ದು ಓಣಿಯ ಆಚೆ ಬಾಯಿಗೆ ಹೋಗಿ ನಿಂತೆವು.

ಅಲ್ಲಿ ನಿಂತ ಕೂಡಲೇ ಮೂಗಿಗೆ ಕೆಸರಿನ ವಾಸನೆ ಬಡಿಯಿತು. ನೀರಿಳಿದಾಗ ನಮ್ಮ ಹೊಳೆದಂಡೆಯಲ್ಲಿ ಬರುವಂಥದ್ದೇ. ಎಲ್ಲವೂ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಜಾಗದಲ್ಲಿ ಎಲ್ಲಿಯ ಕೆಸರು? ಪ್ರಕಾಶನನ್ನು ಕೇಳುವಷ್ಟರಲ್ಲಿ ವಾಸನೆ ಹೋಗಿಬಿಟ್ಟಿತು.

ಒಳಗಿನಿಂದ ಹಿಮ ತುಳಿಯುವ ಸದ್ದು... ಕರ್... ಕರ್...

"ಇಬ್ರ್ ಬತ್ತಿದ್ರ್ ಅಲ್ದಾ?" ಪ್ರಕಾಶ ಪಿಸುಗುಟ್ಟಿದ. ನನಗೂ ಇಬ್ಬರ ಹೆಜ್ಜೆಯೇ ಕೇಳಿತ್ತು.

ಹೊರಗೆ ಬಂದವನು ಸುಧಾಕರ ಒಬ್ಬನೇ. ನನ್ನನ್ನು ನೋಡಿದ. ಹಿಂದೆ ತಿರುಗಿ ನೋಡಿದ. ಮತ್ತೆ ನನ್ನನ್ನು ನೋಡಿದ.

"ಇಷ್ಟೊತ್ತ್ ನನ್ ಹಿಂದೆ ಇದ್ಯಲೆ... ಇಲ್ಲಿಗ್ ಹ್ಯಾಂಗ್ ಬಂದೆ?"

"ಅಂವ ಅರ್ಧ ಗಂಟೆಯಿಂದ ನನ್ನೊಟ್ಟಿಗೆ ಕೂಕಂಡಿದ್ದ ಮಾರಾಯಾ," ಪ್ರಕಾಶ ನಕ್ಕ.

ಸುಧಾಕರ ನಗಲಿಲ್ಲ. ಹತ್ತಿರ ಬಂದು ನನ್ನ ಮಫ್ಲರ್ ಕೆಳಗೆಳೆದು ಮುಖ ನೋಡಿದ. ಹೆಗಲ ಮೇಲೆ ಕೈಯಿಟ್ಟ.

"ಇರ್ಲಿ. ಇಷ್ಟ್ ವರ್ಷ ಆದ್ಮೇಲಾರೂ ಹೇಳ್ದ್ಯಲೆ, ಸಾಕ್," ಎಂದ.

ಲಾಡ್ಜಿಗೆ ಬಂದ ಮೇಲೆ ಪ್ರಕಾಶ ಸ್ನಾನಕ್ಕೆ ಹೋದ. ನಾನು ಮೆಲ್ಲಗೆ ಕೇಳಿದೆ, "ಎಂತ ಹೇಳ್ದೆ ನಾನ್?"

"ದಿನೇಶ ಆವತ್ತ್ ಫೋನ್ ಮಾಡದ್ದ್."

ಭಯಕ್ಕಿಂತ ಮೊದಲು ಬಂದದ್ದು ಅನುಮಾನ. ದಿನೇಶ ಆವತ್ತು ಯಾರಿಗೆಲ್ಲ ಫೋನ್ ಮಾಡಿದ್ದನೆಂದು ಪೊಲೀಸರಿಗೆ ಸಿಕ್ಕಿರಲೂಬಹುದು. ಇವನಿಗೆ ಆವತ್ತೇ ಗೊತ್ತಿದ್ದು, ಇಷ್ಟು ವರ್ಷ ನನ್ನನ್ನು ಆಟವಾಡಿಸಿ, ಈಗ ಈ ನಾಟಕವೇ?

"ನಿಜ ಹೇಳ್. ನಿಂಗ್ಯಾರ್ ಹೇಳ್ರ್?"

"ಮರ್ಲ್ ಹಿಡ್ದಿತ್ತಾ ನಿಂಗೆ? ನೀನೇ ಹೇಳದ್ದ್. ಹೆಸ್ರ್ ಕಂಡ್ ಫೋನ್ ಬೋರಲ್ ಹಾಕ್ದೆ ಅಂದೆ. ನನ್ ಕೈ ಹಿಡ್ಕಂಡ್ ಕಣ್ಣೀರ್ ಹಾಕಿ ಮರ್ಕ್ತಿದ್ದೆ. ನಂಗೆ ಸಿಟ್ಟಿಲ್ಲ ಮಾರಾಯಾ."

ಬೋರಲು ಹಾಕಿದ್ದು ಯಾವ ಪೊಲೀಸರ ಕಾಗದದಲ್ಲಿರುತ್ತದೆ? ಆಗ ನನ್ನ ಹೆಂಡತಿ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ನಾನು ಮಲಗಿದ್ದ ಕೋಣೆಯಲ್ಲಿ ಆವತ್ತು ಇದ್ದವನು ನಾನೊಬ್ಬನೇ.

ಹೌದು, ಫೋನ್ ಬಂದಿತ್ತು, ನಾನು ಎತ್ತಲಿಲ್ಲ ಎಂದೆ. ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಒಂಬತ್ತು ವರ್ಷದ ಭಾರ ಇಳಿದು ನಿಜವಾಗಿಯೂ ಹಗುರಾದೆ. ಓಣಿಯಲ್ಲಿ ನಾನಾಗಿ ಇವನ ಜೊತೆಗಿದ್ದವನು ಯಾರೇ ಆಗಿರಲಿ, ನನಗೆ ಉಪಕಾರವನ್ನೇ ಮಾಡಿದ ಎಂದೂ ಅನ್ನಿಸಿತು.

ಆಗ ಸುಧಾಕರ ಬಾತ್‌ರೂಮಿನ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ.

"ಆದ್ರೆ ಕಡೆಗೆ ಇನ್ನೊಂದ್ ಹೇಳ್ದ್ಯಲೆ... ಅದನ್ನ್ ಇನ್ ಯಾರತ್ರೂ ಬಾಯ್ ಬಿಡ್ಬೇಡ."

"ಇನ್ನೊಂದಾ? ಯಾವ್ದ್?"

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ದೇವರಾಣೆ, ನನ್ನಲ್ಲಿ ಮುಚ್ಚಿಟ್ಟ ಇನ್ನೊಂದು ಇಲ್ಲ. ನೆನಪಾದಷ್ಟು ಹಿಂದಕ್ಕೆ ಹೋಗಿ ಹುಡುಕಿದ್ದೇನೆ. ಊರಿಗೆ ಬಂದ ಮೇಲೂ ಎಷ್ಟೋ ಸಲ ಅವನನ್ನು ಕೇಳಿದೆ. "ಅದ್ ಬಿಡ್," ಎನ್ನುತ್ತಾನೆ. ಒಮ್ಮೆ ಹಟ ಹಿಡಿದದ್ದಕ್ಕೆ, ಕುಡಿಯುತ್ತಿದ್ದ ಚಾ ಅಲ್ಲೇ ಬಿಟ್ಟು ಎದ್ದುಹೋದ. ನನ್ನ ಬಾಯಲ್ಲಿ ಅದು ಏನು ಹೇಳಿತೋ... ನಿಜವೋ ಸುಳ್ಳೋ... ಸುಳ್ಳೆನ್ನಲು ಮಾತಾದರೂ ಗೊತ್ತಿರಬೇಕಲ್ಲ.

ಈಗಲೂ ಭಾನುವಾರ ನಮ್ಮ ಮನೆಗೆ ಬರುತ್ತಾನೆ. ಮೊದಲಿನ ಹಾಗೆಯೇ ನಗುತ್ತಾನೆ, ಊಟ ಮಾಡುತ್ತಾನೆ. ನನ್ನ ಕಾರಿಗೆ ಮಾತ್ರ ಒಬ್ಬನೇ ಹತ್ತುವುದಿಲ್ಲ, ಏನಾದರೊಂದು ನೆಪ ಹೇಳುತ್ತಾನೆ. ಹೊರಡುವಾಗ ನನ್ನ ಹೆಂಡತಿ ಒಳಗೆ ಹೋದಳೇ ಎಂದು ನೋಡಿಕೊಂಡು, ಕಿವಿಯ ಹತ್ತಿರ ಬಾಗಿ ಹೇಳುತ್ತಾನೆ:

"ನೀ ಹೆದರ್ಬೇಡ. ನಾ ಯಾರಿಗೂ ಹೇಳ್ಲಿಲ್ಲ."