ಚಿಕ್ಕಮ್ಮ ಮನೆ ನೋಡಿದ್ದು

ಇವತ್ತು ಬೆಳಿಗ್ಗೆ ತಿ. ನರಸೀಪುರದ ಬ್ಯಾಂಕಿನಲ್ಲಿ ಸರದಿಗೆ ಕಾಯುತ್ತಿದ್ದಾಗ ನೆಲ ಒರೆಸುವವಳು ಬಕೆಟ್ ಹಿಡಿದು ಬಂದಳು. ಫಿನಾಯಿಲ್ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ನಿಮಗಾದರೆ ಅದು ಆಸ್ಪತ್ರೆಯನ್ನು ನೆನಪಿಸೀತು. ನನಗೆ ಅದು ನಾನು ಬೆಳೆದ ಮನೆಯ ವಾಸನೆ, ಚಿಕ್ಕಮ್ಮನ ವಾಸನೆ.

ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ಬಿಳಿಗೆರೆ ಕಡೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನರ್ಸ್ ಆಗಿದ್ದವರು. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವರ ಕ್ವಾರ್ಟರ್ಸಿನಲ್ಲೇ ಇದ್ದುಕೊಂಡು ನಾನು ಹೈಸ್ಕೂಲು ಓದಿದೆ. ಅವರ ಕೈಯಲ್ಲಿ ಹುಟ್ಟಿದವರು ಈಗಲೂ ಎಲ್ಲೆಂದರಲ್ಲಿ ಸಿಕ್ಕುತ್ತಾರೆ. ಒಮ್ಮೆ ಬಸ್ಸಿನಲ್ಲಿ ಮೀಸೆ ನರೆತ ಕಂಡಕ್ಟರೊಬ್ಬರು ಚಿಕ್ಕಮ್ಮನನ್ನು ಕಂಡು ಎದ್ದು ಸೀಟು ಬಿಟ್ಟುಕೊಟ್ಟರು. ಇವರು ಅವರನ್ನು ದಿಟ್ಟಿಸಿ, "ನೀನು ಕಾಲು ಮುಂದಾಗಿ ಬಂದೋನಲ್ವೇನಪ್ಪ?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟರು.

ಚಿಕ್ಕಮ್ಮನಿಗೆ ಎಂಬತ್ತು ಸಮೀಪಿಸಿದಾಗ ನಾನೇ ಹೋಗಿ ನಮ್ಮ ಮನೆಗೆ ಕರೆತಂದೆ. ಕರೆತಂದೆನೆಂದು ಕಂಡವರಿಗೆಲ್ಲ ಹೇಳಿಕೊಂಡೂ ಬಂದೆ. ಮೇಷ್ಟರಾಗಿದ್ದವನಿಗೆ ಒಳ್ಳೆಯ ಉದಾಹರಣೆಯಾಗಿ ಬಾಳುವ ಚಟ ನಿವೃತ್ತಿಯಾದರೂ ಬಿಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮ ಬಚ್ಚಲಲ್ಲಿ ಜಾರಿಬಿದ್ದರು. ಮನೆಯಲ್ಲಿದ್ದವಳು ನನ್ನ ಹೆಂಡತಿ ನಿರ್ಮಲ ಒಬ್ಬಳೇ. ಬಿದ್ದವರಿಗೆ ಏನೂ ಆಗಲಿಲ್ಲ. ಎತ್ತಲು ಹೋದವಳ ಭುಜ ಉಳುಕಿ, ತಲೆ ಬಾಚಿಕೊಳ್ಳಲೂ ಕೈ ಮೇಲೇಳದಂತಾಯಿತು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಚಿಕ್ಕಮ್ಮ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಗಳು ಇವೆಯಂತಲ್ಲ, ಹೋಗಿ ನೋಡಿಕೊಂಡು ಬರೋಣ ಎಂದರು. ನಾನು ರೇಗಿದೆ. ಜನ ಏನಂದುಕೊಂಡಾರು ಎಂದೆ. ನಿಮ್ಮಲ್ಲಿ ಮುಚ್ಚಿಡುವುದೇನು, ರೇಗುತ್ತಿದ್ದಾಗಲೇ ಒಳಗೆಲ್ಲೋ ಭಾರ ಇಳಿದಂತೆಯೂ ಆಗಿತ್ತು. ಅದು ನನಗೇ ಗೊತ್ತಾದ್ದರಿಂದ ಇನ್ನಷ್ಟು ಜೋರಾಗಿ ರೇಗಿದೆ.

ಚಿಕ್ಕಮ್ಮ ಪಟ್ಟು ಬಿಡಲಿಲ್ಲ. ಹೊರಟೆವು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗಾಳಿ, ಬೆಳಕು, ಊಟ, ತೋಟ, ಟಿವಿ ಎಂದೆಲ್ಲ ಬರೆದು ಅಂಕ ಹಾಕಲು ಸಿದ್ಧನಾಗಿದ್ದೆ. ಮೊದಲು ನೋಡಿದ್ದು ಮೈಸೂರು ರಸ್ತೆಯಲ್ಲಿದ್ದ ಹೊಸ ಕಟ್ಟಡ. ಹುಲ್ಲುಹಾಸು, ಲಿಫ್ಟು, ಗೋಡೆಯಗಲದ ಟಿವಿ. ಮ್ಯಾನೇಜರು ಬಾಗಿ ಬಾಗಿ ತೋರಿಸಿದರು. ನಾನು ಉದಾರವಾಗಿ ಅಂಕ ಹಾಕುತ್ತಾ ಹೋದೆ. ಚಿಕ್ಕಮ್ಮ ಮಾತ್ರ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಪಕ್ಕ ಕೂತು, ಊರು ಯಾವುದು, ಮಕ್ಕಳೆಷ್ಟು ಎಂದು ಮಾತಾಡಿಸುತ್ತಲೇ ಮೆಲ್ಲಗೆ ಹೊದಿಕೆ ಸರಿಸಿದರು. ಮಗ್ಗುಲು ಬದಲಿಸುವವರಿಲ್ಲದೆ ಆ ಅಜ್ಜಿಯ ಹಿಮ್ಮಡಿ ಹುಣ್ಣಾಗಿತ್ತು. ಚಿಕ್ಕಮ್ಮ ಹೊದಿಕೆಯನ್ನು ಮೊದಲಿನಂತೆಯೇ ಹೊದಿಸಿ ಎದ್ದರು. ಗೇಟಿನ ಹೊರಗೆ ಬಂದ ಮೇಲೆ, "ಫಿನಾಯಿಲ್ ವಾಸ್ನೆ ಅಷ್ಟೊಂದು ಒಡೀತದೆ ಅಂದ್ರೆ ಇನ್ನೇನನ್ನೋ ಮುಚ್ತಾವ್ರೆ ಕಣೋ," ಎಂದರು.

ಎರಡನೆಯದು ನಂಜನಗೂಡಿನ ಒಂದು ಗಲ್ಲಿಯಲ್ಲಿದ್ದ ಹಳೆಯ ಮನೆ. ಹದಿನಾಲ್ಕು ಜನ ಮುದುಕ ಮುದುಕಿಯರು. ಗೋಡೆಯ ಗಾರೆ ಉದುರಿತ್ತು, ತೋಟವಿರಲಿಲ್ಲ, ಟಿವಿ ಕೆಟ್ಟಿತ್ತು. ನನ್ನ ಲೆಕ್ಕದಲ್ಲಿ ಅದು ಪಾಸಾಗುವಂತಿರಲಿಲ್ಲ. ಹಜಾರದಲ್ಲಿ ಆಯಾ ಒಬ್ಬಳು ಮುದುಕರೊಬ್ಬರಿಗೆ ಗಂಜಿ ಕುಡಿಸುತ್ತಿದ್ದಳು. ಒಂದು ಚಮಚ ಬಾಯಿಗಿಟ್ಟು, ಅವರ ಗಂಟಲು ಅಲ್ಲಾಡುವುದನ್ನು ನೋಡಿಯೇ ಇನ್ನೊಂದು ಚಮಚ. ಬಟ್ಟಲು ಖಾಲಿಯಾಗುವವರೆಗೂ ಚಿಕ್ಕಮ್ಮ ನಿಂತೇ ನೋಡಿದರು. ಆಮೇಲೆ, ರಾತ್ರಿ ಯಾರಿಗಾದರೂ ಏನಾದರೂ ಬೇಕಾದರೆ ಒತ್ತಲು ಬೆಲ್ ಇದೆಯಾ ಎಂದು ವಿಚಾರಿಸಿದರು.

"ಬೆಲ್ ಕೆಟ್ಟೋಗದೆ ಕಣವ್ವ," ಎಂದಳು ಅವಳು. "ಅದ್ಕೇ ನಾನು ಈ ಬಾಗ್ಲತ್ರಾನೇ ಚಾಪೆ ಹಾಕ್ಕಂಡು ಮನೀಕತೀನಿ."

ವಾಪಸು ಬರುವ ಬಸ್ಸಿನಲ್ಲಿ ನಾನು ಆ ಮನೆಯ ಕೊರತೆಗಳನ್ನೆಲ್ಲ ಒಂದೊಂದಾಗಿ ಓದಿದೆ. ಚಿಕ್ಕಮ್ಮ ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನು ನೋಡುತ್ತಿದ್ದವರು, ನಾನು ಮುಗಿಸಿದ ಮೇಲೆ ತಿರುಗಿದರು.

"ನಿರ್ಮಲ ನನ್ನ ಎತ್ತುವಾಗ ಅವಳ ಮೊಖ ನೋಡ್ದೆ ಕಣೋ. ಪ್ರೀತಿ ಇತ್ತು, ಶಕ್ತಿ ಇರ್ನಿಲ್ಲ. ಈಗ ನಂಗೆ ಶಕ್ತಿ ಇರೋರು ಬೇಕು. ಪ್ರೀತಿ ಮಾಡಕ್ಕೆ ನೀವು ಭಾನುವಾರ ಬನ್ನಿ."

ನಾನು ನೋಟ್‌ಬುಕ್ ಮುಚ್ಚಿದೆ.

ಒಂದು ತಿಂಗಳು ಇದ್ದು ನೋಡುತ್ತೇನೆ, ಸರಿಬರದಿದ್ದರೆ ಬಂದುಬಿಡುತ್ತೇನೆ ಎಂದು ಹೇಳಿ ಚಿಕ್ಕಮ್ಮ ನಂಜನಗೂಡಿನ ಆ ಮನೆಗೇ ಹೋದರು. ಮೊದಲ ಭಾನುವಾರ ಹೋದಾಗ ಮುಖ ಸಣ್ಣದಾಗಿತ್ತು. ಸಾರು ಸಪ್ಪೆ, ಪಕ್ಕದ ಮಂಚದವರು ಇಡೀ ದಿನ ಗೊಣಗುತ್ತಾರೆ ಎಂದರು. ಹೊರಡುವಾಗ ನಿರ್ಮಲಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಎರಡನೆಯ ಭಾನುವಾರವೂ ಹಾಗೆಯೇ. ಮೂರನೆಯ ಸಲ ಅವರು ಬಾಗಿಲಲ್ಲಿ ಕಾಯುತ್ತಿರಲಿಲ್ಲ. ಒಳಗೆ ಹೋದರೆ, ಇಬ್ಬರು ಆಯಾಗಳನ್ನು ನಿಲ್ಲಿಸಿಕೊಂಡು, ಹಾಸಿಗೆ ಹಿಡಿದವರನ್ನು ಸೊಂಟ ನೋಯಿಸಿಕೊಳ್ಳದೆ ಮಗ್ಗುಲಿಗೆ ಹೊರಳಿಸುವುದು ಹೇಗೆಂದು ಹೇಳಿಕೊಡುತ್ತಿದ್ದರು. ನಮ್ಮನ್ನು ನೋಡಿ, ಹತ್ತು ನಿಮಿಷ ಹೊರಗೆ ಕೂತಿರಿ ಎಂದರು. ನನಗೆ ಸ್ವಲ್ಪ ಅವಮಾನವಾದಂತಾಯಿತು. ನಿರ್ಮಲ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ತಿಂಗಳು ಮುಗಿದರೂ ಚಿಕ್ಕಮ್ಮ ವಾಪಸು ಬರುವ ಮಾತೆತ್ತಲಿಲ್ಲ.

ಇಷ್ಟಾದರೂ, ಯಾರಾದರೂ ಕೇಳಿದರೆ ಚಿಕ್ಕಮ್ಮ ನಂಟರ ಮನೆಗೆ ಹೋಗಿದ್ದಾರೆ ಎಂದೇ ಸುಳ್ಳು ಹೇಳುತ್ತಿದ್ದೆ. ಇವತ್ತು ಬ್ಯಾಂಕಿನ ಕೆಲಸ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಾಗ ಶಿವಣ್ಣ ಸಿಕ್ಕಿದರು. ನಮ್ಮ ಸ್ಕೂಲಿನಲ್ಲೇ ಗುಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅವರೂ ಚಿಕ್ಕಮ್ಮನ ವಿಷಯ ಕೇಳಿದರು. ಯಾಕೋ ಇವತ್ತು ಸುಳ್ಳು ನಾಲಿಗೆಗೆ ಬರಲಿಲ್ಲ. ನಂಜನಗೂಡಿನ ಆ ಮನೆಯ ಸಂಗತಿಯನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ.

ಶಿವಣ್ಣ ರಸ್ತೆಯ ಪಕ್ಕಕ್ಕೆ ಸರಿದು ನಿಂತರು. "ಅಲ್ಲಿ ಇನ್ನೊಬ್ರಿಗೆ ಜಾಗ ಇರಬೌದಾ ಮೇಷ್ಟ್ರೆ?"

ಯಾರಿಗೆ ಎಂದು ಕೇಳಿದೆ.

"ನಂಗೇಯ," ಎಂದರು.

ಭಾನುವಾರ ನಾವು ಹೋಗುತ್ತೇವೆ, ಜೊತೆಯಲ್ಲಿ ಬನ್ನಿ ಎಂದೆ. ಅವರು ತಲೆಯಾಡಿಸಿ, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಬಸ್ ನಿಲ್ದಾಣ ಇರುವುದು ಬೇರೆ ದಿಕ್ಕಿಗೆ. ಆದರೂ ಅವರ ಮನೆಯ ಬಾಗಿಲವರೆಗೂ ಜೊತೆಯಲ್ಲೇ ನಡೆದೆ.