ಮುಳುಗು ಮೇಷ್ಟ್ರ ಹಳೇ ಸೆಟ್ಟು

ಮುಳುಗು ಮೇಷ್ಟ್ರ ಮುಖದ ಮೇಲೆ ಒಂದು ಗೆರೆಯಿತ್ತು. ಹಣೆಯ ನಡುವಿನಿಂದ ಹೊರಟು, ಎರಡೂ ಕಣ್ಣುಗಳನ್ನು ಬಳಸಿಕೊಂಡು, ಮೂಗಿನ ಕೆಳಗೆ ಬಂದು ಕೂಡುವ ಗೆರೆ. ನೀರಿನೊಳಗೆ ಹಾಕಿಕೊಳ್ಳುವ ರಬ್ಬರಿನ ಕನ್ನಡಕ ವರ್ಷಗಟ್ಟಲೆ ಒತ್ತಿ ಮಾಡಿದ್ದು. ಎಡಗಿವಿ ಕೇಳುತ್ತಿರಲಿಲ್ಲವಾದ್ದರಿಂದ ಯಾರು ಮಾತಾಡಿದರೂ ಬಲಗಿವಿ ಮುಂದೆ ಮಾಡಿ ಕೋಳಿಯ ಹಾಗೆ ಕತ್ತು ವಾರೆ ಮಾಡುತ್ತಿದ್ದರು. ಆ ವಾರೆ ಕತ್ತನ್ನು ನೋಡಿ ಮುದುಕನಿಗೆ ಬುದ್ಧಿ ಮಂಕಾಗಿದೆ ಎಂದು ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಗಲು ಬಿಟ್ಟ ಮೇಷ್ಟ್ರ ಮೇಲೆ ಅದಕ್ಕಿಂತ ಹೆಚ್ಚಿದೆ.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ, ಹೊಸಬರಿಗೂ ಅದನ್ನು ಕಲಿಸಿ, ನಿವೃತ್ತರಾಗಿ, ಪಾಂಡವಪುರ ತಾಲ್ಲೂಕಿನ ತಮ್ಮೂರಿಗೆ ಬಂದು ಭತ್ತ, ಕಬ್ಬು ಎಂದು ಬೇಸಾಯಕ್ಕೆ ನಿಂತವರು. ನಮ್ಮದು ಕೃಷ್ಣರಾಜಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಆಗ ಅಪ್ಪ ನಡೆಸುತ್ತಿದ್ದರು, ಈಗ ನಾನು ನಡೆಸುತ್ತೇನೆ. ರೈತರ ಬಾವಿಯಲ್ಲಿ ಹಗ್ಗ ಕಿತ್ತು ಮೋಟಾರು ತಳ ಸೇರಿದರೆ ಮೇಷ್ಟ್ರಿಗೆ ಹೇಳಿಕಳಿಸುತ್ತಿದ್ದರು. ಅವರು ಇಳಿದು ಕಟ್ಟಿ ಮೇಲಕ್ಕೆ ಕಳಿಸಿದ ಮೋಟಾರು ನಮ್ಮ ಅಂಗಡಿಗೆ ಬರುತ್ತಿತ್ತು. ಅದನ್ನು ತರಲು ಹೋದಾಗಲೆಲ್ಲ ನಾನು ಬಾವಿಕಟ್ಟೆಯ ಮೇಲೆ ನಿಂತು ಅವರ ಉಸಿರಿನ ಗುಳ್ಳೆಗಳನ್ನು ನೋಡುತ್ತಿದ್ದೆ. ಐಟಿಐ ಮುಗಿಸಿದ್ದೆ, ಮನೆಯಲ್ಲಿ ಗಂಡು ನೋಡುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ನನಗೂ ಕಲಿಸಿ ಎಂದೆ.

“ಈಜು ಬತ್ತದಾ?”

“ಬತ್ತದೆ.”

“ಬೈದ್ರೆ ಅಳ್ತೀಯಾ?”

“ತಿರುಗಿ ಬೈತೀನಿ.”

“ಅಂಗಾದ್ರೆ ಬಾ ಕಣಮ್ಮಿ” ಅಂದರು.

ಮೋಟಾರುಗಳಷ್ಟೇ ಅಲ್ಲ. ಹೊಳೆಯಲ್ಲಿ, ಹಿನ್ನೀರಿನಲ್ಲಿ, ಕೆರೆಯಲ್ಲಿ ಯಾರಾದರೂ ಮುಳುಗಿದರೆ ಸುತ್ತಲ ತಾಲ್ಲೂಕುಗಳಿಂದ ಜನ ಅವರ ಬಾಗಿಲಿಗೆ ಬರುತ್ತಿದ್ದರು. ಹೆಣ ಎತ್ತಿಕೊಟ್ಟಾಗ ಕಾಲಿಗೆ ಬೀಳುತ್ತಿದ್ದರು. ಅದೇ ಜನ ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಬಂದರೆ ಅವರನ್ನು ಕರೆಯಲು ಹಿಂದೆಮುಂದೆ ನೋಡುತ್ತಿದ್ದರು. ಹೆಣ ಮುಟ್ಟುವ ಕೈ ಅಂತೆ! ಅವರ ಹೆಂಡತಿ, ನಾನು ಅಮ್ಮ ಎಂದೇ ಕರೆಯುತ್ತಿದ್ದವರು, ಇದನ್ನೆಲ್ಲ ನುಂಗಿಕೊಂಡು ದೇವರ ಮುಂದೆ ಎರಡು ದೀಪ ಹೆಚ್ಚಾಗಿ ಹಚ್ಚುತ್ತಿದ್ದರು.

ಮೇಷ್ಟ್ರ ಸೆಟ್ಟು ಬಹಳ ಹಳೆಯದು. ಕೊಚ್ಚಿಯ ಗುಜರಿಯಲ್ಲಿ ಹಿಡಿದು ತಂದು ತಾವೇ ರಿಪೇರಿ ಮಾಡಿಕೊಂಡದ್ದು. ಬೆನ್ನಿಗೆ ಉಕ್ಕಿನ ಸಿಲಿಂಡರು, ಅದರ ನೆತ್ತಿಯಲ್ಲಿ ಒಂದು ಹಿತ್ತಾಳೆಯ ಡಬ್ಬಿ, ಡಬ್ಬಿಯ ಎರಡೂ ಕಡೆಯಿಂದ ಹೊರಟು ಬಾಯಿಗೆ ಬಂದು ಸೇರುವ ಮಡಿಕೆ ಮಡಿಕೆ ರಬ್ಬರು ಕೊಳವೆಗಳು. ಊರಿನವರು ಅದನ್ನು ಜೋಡಿ ಸೊಂಡಿಲು ಎನ್ನುತ್ತಿದ್ದರು. ಈಗಿನ ಸೆಟ್ಟುಗಳಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳಿರುತ್ತದೆ. ಇದರಲ್ಲಿ ಇರಲಿಲ್ಲ. ಬದಲಿಗೆ ಸಿಲಿಂಡರಿನ ಪಕ್ಕಕ್ಕೆ ಒಂದು ಉದ್ದನೆಯ ಕಡ್ಡಿ, ಅದರ ತುದಿಗೆ ಬಳೆಯಂಥ ಕುಣಿಕೆ. ಕಡ್ಡಿ ಮೇಲಿದ್ದರೆ ಕೊನೆಯ ಪಾಲು ಗಾಳಿ ಒಳಗೇ ತಡೆದು ನಿಂತಿರುತ್ತದೆ. ಉಸಿರು ಬಿಗಿಯಾಯಿತೋ, ಕಡ್ಡಿಯನ್ನು ಕೆಳಗೆಳೆಯಬೇಕು. ಉಳಿಸಿಟ್ಟ ಆ ಗಾಳಿ ಬರುತ್ತದೆ, ಅಷ್ಟರಲ್ಲಿ ಮೇಲೆ ಬಂದುಬಿಡಬೇಕು.

“ಕಡ್ಡಿ ಮೊದ್ಲೇ ಕೆಳ್ಗಿದ್ರೆ?” ಎಂದು ಕೇಳಿದ್ದೆ.

“ಎಚ್ಚರ್ಕೇನೇ ಬರಾಕಿಲ್ಲ. ಇದ್ದಷ್ಟೂ ಸಲೀಸಾಗಿ ಬತ್ತದೆ, ಆಮೇಲೆ ನಿಂತೋಯ್ತದೆ. ಅದ್ಕೇ ಇಳಿಯೋ ಮುಂಚೆ ಮುಟ್ಟಿ ನೋಡಿ ಬಾಯ್ಬುಟ್ಟು ಏಳ್ಬೇಕು.”

ಇಳಿಯುವವರು ಒಂದೊಂದನ್ನೂ ಮುಟ್ಟಿ ಕೂಗಬೇಕು, ದಡದಲ್ಲಿ ನಿಂತವರು ಹೂಂ ಎನ್ನಬೇಕು. ಪಟ್ಟಿ, ಬಾಯಿ, ಕಡ್ಡಿ ಮೇಲೆ. ನಾನು ದೇವರ ಹೆಸರು ಹೇಳುವ ಹಾಗೆ ಗೊಣಗಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು.

ಗಾಳಿ ತುಂಬಿಸಲು ಬೆಂಗಳೂರಿಗೆ ಹೋಗಬೇಕಾಗಿತ್ತು. ಒಂದು ಸಲ ತುಂಬಿಸಿಕೊಂಡು ವಾಪಸು ಬರುವಾಗ ಕಂಡಕ್ಟರು, ಗ್ಯಾಸ್ ಸಿಲಿಂಡರು ಬಸ್ಸಿನಲ್ಲಿ ಸಾಗಿಸುವ ಹಾಗಿಲ್ಲ ಎಂದು ನಮ್ಮನ್ನು ಬೆಳ್ಳೂರು ಕ್ರಾಸಿನಲ್ಲಿ ಇಳಿಸಿಬಿಟ್ಟ. ಮೇಷ್ಟ್ರಿಗೆ ರೇಗಿತು. ಹೋಟೆಲಿನ ಮುಂದೆಯೇ ಸಿಲಿಂಡರು ನಿಲ್ಲಿಸಿ ವಾಲ್ವು ತಿರುಗಿಸಿದರು. ಬುಸ್ಸೆಂದು ಸದ್ದು ಬಂದದ್ದೇ ತಡ, ಇಡ್ಲಿ ತಿನ್ನುತ್ತಿದ್ದವರು ಎಲೆ ಬಿಟ್ಟು ಹೆದ್ದಾರಿಯವರೆಗೆ ಓಡಿದರು. “ಗಾಳಿ ಕಣ್ರಯ್ಯಾ! ನಿಮ್ ಮೂಗಲ್ಲಿ ಆಡ್ತಾ ಇರೋದೂ ಇದೇಯಾ!” ಎಂದು ಇವರು ಕೂಗುತ್ತಲೇ ಇದ್ದರು. ಸದ್ದು ನಿಲ್ಲುವಷ್ಟರಲ್ಲಿ ಅರ್ಧ ಗಾಳಿ ಹೋಗಿತ್ತು. ಸಿಲಿಂಡರಿಗೆ ಗೋಣಿಚೀಲ ಸುತ್ತಿಕೊಂಡು ಇಬ್ಬರೂ ಮತ್ತೆ ಬೆಂಗಳೂರಿನ ಬಸ್ಸು ಹತ್ತಿದೆವು.

ಕಲಿಸಿದ್ದು ಅವರ ಹೊಲದ ಮೆಟ್ಟಿಲು ಬಾವಿಯಲ್ಲಿ. ಮೊದಲ ವಾರ ನೀರೊಳಗಿನ ಮೆಟ್ಟಿಲ ಮೇಲೆ ಕೂತು ಉಸಿರಾಡುವುದಷ್ಟೇ ಕೆಲಸ. ಸ್ವಲ್ಪ ಅಭ್ಯಾಸವಾಯಿತು ಎನ್ನುವಾಗ ಒಂದು ದಿನ ಹಿಂದಿನಿಂದ ಬಂದು ಸದ್ದಿಲ್ಲದೆ ವಾಲ್ವು ಮುಚ್ಚಿಬಿಟ್ಟರು. ಎಳೆದುಕೊಂಡ ಉಸಿರು ಬಾಯಿಗೆ ಬರಲೇ ಇಲ್ಲ. ಕೈ ಹಿಂದೆ ಹಾಕಿ ತಡಕಾಡಿ ತೆರೆದುಕೊಂಡೆ. ಮೇಲೆ ಬಂದು, ಭಾರಕ್ಕೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚಿ ಅವರ ಕಾಲ ಬಳಿ ಎಸೆದು, ನಿಮಗೇನು ತಲೆ ಕೆಟ್ಟಿದೆಯಾ ಎಂದು ಬಾಯಿಗೆ ಬಂದಂತೆ ಬೈದೆ.

ಅವರು ಕತ್ತು ವಾರೆ ಮಾಡಿ ಪೂರ್ತಿ ಕೇಳಿಸಿಕೊಂಡರು. “ಎದ್ರುಕೊಂಡಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ. ಕ್ವಾಪ ಬಂತಲ್ಲ, ಪರವಾಗಿಲ್ಲ. ಆದ್ರೆ ಕ್ವಾಪ ಗಾಳೀನೆಲ್ಲ ತಿಂದಾಕ್ಬುಡ್ತದೆ. ಅದ್ನ ಮೆಟ್ಟಿನ ಜೊತೆ ದಡದಲ್ಲೇ ಬುಟ್ಬುಟ್ಟು ಇಳಿ.”

ಬೇಸಿಗೆ ಮುಗಿಯುವ ಹೊತ್ತಿಗೆ ತೊಣ್ಣೂರು ಕೆರೆಗೆ ಕರೆದುಕೊಂಡು ಹೋದರು. ಬಾವಿಯ ಹಸಿರು ಕತ್ತಲಲ್ಲಿ ಕಲಿತವಳಿಗೆ ಆ ತಿಳಿನೀರಿನಲ್ಲಿ ನನ್ನದೇ ಕೈಕಾಲು ಕಂಡು ನಗು ಬಂತು, ನಕ್ಕಿದ್ದಕ್ಕೆ ಕನ್ನಡಕದೊಳಗೆ ನೀರು ಬಂತು. ಪಕ್ಕದಲ್ಲಿ ಮೇಷ್ಟ್ರು ಕೈಕಟ್ಟಿಕೊಂಡು, ಜಗಲಿಯ ಮೇಲೆ ಕೂತವರಂತೆ ನಿರಾಳವಾಗಿ ತೇಲುತ್ತಿದ್ದರು. ಅವರು ಅಷ್ಟು ನೆಮ್ಮದಿಯಾಗಿದ್ದುದನ್ನು ನಾನು ನೆಲದ ಮೇಲೆ ಎಂದೂ ನೋಡಲಿಲ್ಲ.

ಇಂಥವರ ಮನೆಯಲ್ಲಿ ವರ್ಷಕ್ಕೊಂದು ಜಗಳ ತಪ್ಪದೆ ನಡೆಯುತ್ತಿತ್ತು, ಆಯುಧಪೂಜೆಯ ದಿನ. ಊರಿಗೆ ಊರೇ ಟ್ರಾಕ್ಟರು, ಪಂಪ್‌ಸೆಟ್ಟು, ಕುಡುಗೋಲು ಎಲ್ಲ ತೊಳೆದು ಕುಂಕುಮ ಇಟ್ಟು ಚೆಂಡುಹೂವು ಮುಡಿಸುತ್ತದೆ. ಮೇಷ್ಟ್ರು ಸೆಟ್ಟಿಟ್ಟ ಕೋಣೆಗೆ ಮಾತ್ರ ಬೀಗ ಹಾಕುತ್ತಿದ್ದರು. ಇಳಿಯುವವರ ಹೊರತು ಬೇರೆ ಯಾರೂ ಅದನ್ನು ಮುಟ್ಟಬಾರದೆನ್ನುವುದು ಅವರ ಹಟ.

“ಎಮ್ಮೆ ಆಲು ಕರೆಯೋ ಮಿಷಿನ್ಗೂ ಪೂಜೆ ಆಯ್ತದೆ, ನಿಮ್ ಜೀವ ಕಾಯೋ ಸಾಮಾನಿಗೆ ಬ್ಯಾಡ್ವಾ?” ಎಂದು ಅಮ್ಮ ಕೇಳುತ್ತಿದ್ದರು. ಗಂಡ ನೀರಿಗಿಳಿದಾಗಲೆಲ್ಲ ಉಸಿರು ಹಿಡಿದು ಕಾಯುವ ಹೆಂಗಸಿನ ಪ್ರಶ್ನೆ ಅದು. ಮೇಷ್ಟ್ರು ಕೇಳಿಸದ ಕಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದರು.

ಆ ವರ್ಷ ವಿಜಯದಶಮಿಯ ಬೆಳಿಗ್ಗೆ ಗಂಜಾಂ ಹತ್ತಿರ ಕಾವೇರಿಯಲ್ಲಿ ಸ್ನಾನಕ್ಕಿಳಿದವರೊಬ್ಬರು ಮಡುವಿಗೆ ಜಾರಿದ್ದರು. ಮನೆಯವರು ಕಾರು ತಂದು ಮೇಷ್ಟ್ರನ್ನು ಕರೆದೊಯ್ದರು. ನನಗೆ ಫೋನು ಬಂದು, ಕೃಷ್ಣರಾಜಪೇಟೆಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅವರು ಇಳಿದಾಗಿತ್ತು. ಗುಳ್ಳೆಗಳು ಸರಿಯಾಗಿಯೇ ಬರುತ್ತಿದ್ದವು. ನೋಡುತ್ತಿದ್ದಂತೆ ನಿಂತವು. ಆಮೇಲೆ ಮೇಷ್ಟ್ರ ತಲೆ ನೀರು ಸೀಳಿಕೊಂಡು ಮೇಲೆ ಬಂತು, ಮೂಗಿನಿಂದ ರಕ್ತ ಇಳಿಯುತ್ತಿತ್ತು. ಮೀನುಗಾರರು ಹರಿಗೋಲಿಗೆ ಎಳೆದುಕೊಂಡು ದಡಕ್ಕೆ ತಂದರು.

ನಾನು ಪಟ್ಟಿ ಬಿಚ್ಚುವಾಗ ಮೆಲ್ಲಗೆ ಅಂದರು: “ಕಡ್ಡಿ ಎಳುದ್ರೆ ಬರ್ನಿಲ್ಲ. ಆಗ್ಲೇ ಕೆಳ್ಗಿತ್ತು.”

ಕುಣಿಕೆಯಲ್ಲಿ ಒಂದು ತುಂಡು ಬಾಳೆನಾರು ಸಿಕ್ಕಿಕೊಂಡಿತ್ತು, ಅದರಲ್ಲಿ ನಾಲ್ಕು ಚೆಂಡುಹೂವಿನ ಎಸಳು. ಇಬ್ಬರೂ ನೋಡಿದೆವು. ಹಾರ ಅಲುಗಾಡದಿರಲೆಂದು ಯಾರೋ ಕುಣಿಕೆಯಿಂದ ಸಿಲಿಂಡರಿನ ಬುಡಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ದರು. ಬಿಗಿದಾಗ ಕಡ್ಡಿ ಕೆಳಗೆ ಬಂದಿತ್ತು. ಮೇಷ್ಟ್ರು ನಾರನ್ನು ಬಿಡಿಸಿ ಹೊಳೆಗೆ ಎಸೆದರು.

ಅಷ್ಟರಲ್ಲಿ ಗುಂಪಿನಿಂದ ಯಾರೋ ಅಂದ: “ಮುದುಕುಂಗೆ ಮರ್ವು ಕಣ್ಲಾ. ಗಾಳಿ ತುಂಬ್ಸದನ್ನೇ ಮರ್ತ್ ಬಂದವ್ನೆ.”

ನಾನು ಎದ್ದು ನಿಂತೆ. ಮೇಷ್ಟ್ರು ನನ್ನ ಕೈ ಹಿಡಿದು ಕೂರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. “ಊಂ ಕಣಯ್ಯಾ, ಮರ್ತೆ.”

ಹೆಣವನ್ನು ಮಧ್ಯಾಹ್ನ ಮೀನುಗಾರರು ಪಾತಾಳಗರಡಿ ಹಾಕಿ ಎತ್ತಿದರು. ಮೇಷ್ಟ್ರ ಕಡೆ ಯಾರೂ ತಿರುಗಿ ನೋಡಲಿಲ್ಲ. ಊರಿಗೆ ಬಸ್ಸಿನಲ್ಲಿ ಬಂದೆವು.

ಮನೆಯಲ್ಲಿ ಅಮ್ಮ ಅಳುತ್ತ, ನಗುತ್ತ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಮೊದಲೇ ತಲುಪಿತ್ತು. ನನ್ನನ್ನು ಒಳಗೆಳೆದುಕೊಂಡು ಹೇಳಿದರು: “ನೆನ್ನೆ ಇವ್ರು ಗದ್ದೆ ಕಡೆ ಓಗಿದ್ದಾಗ ಬೀಗ ತೆಗ್ದು ಪೂಜೆ ಮಾಡ್ಬುಟ್ಟೆ ಕಣವ್ವ. ಬೈತಾರೆ ಅಂತ ಆಮೇಲೆ ಊವೆಲ್ಲ ತೆಗ್ದು ಒರೆಸಿ ಇಟ್ಟೆ. ಅದೇ ಕಾಪಾಡ್ತು. ಇಲ್ದಿದ್ರೆ ಇವತ್ತು ನನ್ನ ಕುಂಕ್ಮ ಓಗ್ಬುಡ್ತಿತ್ತು.”

ನಿಜ ಹೇಳಲು ಬಾಯಿ ತೆರೆದಿದ್ದೆ. ಮೇಷ್ಟ್ರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. “ಊಂ ಕಣೆ, ನಿನ್ ಪೂಜೇನೇ” ಅಂದರು.

ಕೊಟ್ಟಿಗೆಯ ಹಿಂದೆ ನಾನು ಅವರ ಮೇಲೆ ಎಗರಿಬಿದ್ದೆ. ಅಮ್ಮನಿಗೂ ಊರಿನವರಿಗೂ ನಿಜ ಹೇಳಿ ಎಂದೆ.

“ನೋಡ್ದೆ ಇಳ್ದೋನು ಯಾರು? ನಾನು. ಅವ್ರು ಅಳ್ತಾ ಅವ್ಸರ ಮಾಡುದ್ರು, ನೀನೂ ಬಂದಿರ್ಲಿಲ್ಲ, ನಾನೇ ಗಾಳಿ ತುಂಬ್ಸಿ ಕಡ್ಡಿ ಮೇಲಿಟ್ಟು ಬೀಗ ಆಕಿದ್ನಲ್ಲ ಅಂತ ಧಿಮಾಕು. ತೆಪ್ಪು ನಂದೇ.”

“ಅರ್ಧ ನಿಮ್ದು. ಇನ್ನರ್ಧ?”

“ಏಳುದ್ರೆ ನಾಳೆ ಅವ್ಳು ದೇವ್ರ ಮುಂದೆ ದೀಪ ಅಚ್ಚದು ಎಂಗೆ? ಕೈ ನಡುಗಾಕಿಲ್ವಾ?”

“ಜನ ನಿಮ್ಮನ್ನ ಮರೆಗುಳಿ ಅಂತಾರೆ.”

“ಅನ್ಲಿ.”

“ಇನ್ಮೇಲೆ ಯಾರೂ ಕರಿಯಾಕಿಲ್ಲ ಮೇಷ್ಟ್ರೇ.”



ಹಾಗೆಯೇ ಆಯಿತು. ಯಾರೂ ಕರೆಯಲಿಲ್ಲ. ಅಮ್ಮ ಅಷ್ಟಕ್ಕೇ ಬಿಡಲಿಲ್ಲ, ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ದೇವರ ಮುಂದೆ ಭಾಷೆ ತೆಗೆದುಕೊಂಡರು. ಮೇಷ್ಟ್ರು ಕೊಟ್ಟರು! ತೊಣ್ಣೂರಿನ ನೀರಿನಲ್ಲಿ ಕೈಕಟ್ಟಿಕೊಂಡು ತೇಲಿದವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿದರು. ದಾರಿಯಲ್ಲಿ ಹೋಗುವವರು, “ಮೇಷ್ಟ್ರೇ, ಉಂಡಿದ್ದು ಗ್ಯಾಪ್ಕ ಐತಾ?” ಎಂದು ರೇಗಿಸಿದರೆ ತಾವೂ ನಗುತ್ತಿದ್ದರು. ನಾನಿದ್ದಾಗ ಹಾಗೆ ಕೇಳಿದವರ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿದ್ದೇನೆ. ಸೆಟ್ಟನ್ನು ನನಗೆ ಕೊಟ್ಟುಬಿಟ್ಟರು. ಈಗಲೂ ಬಾವಿಗೆ ಬಿದ್ದ ಮೋಟಾರುಗಳನ್ನು ನಾನೇ ಇಳಿದು ಎತ್ತುತ್ತೇನೆ. ನನಗೆ ಅನ್ನ ಕೊಡುವ ವಿದ್ಯೆಯಲ್ಲಿ ಅರ್ಧ ಅಪ್ಪನದು, ಅರ್ಧ ಅವರದು.

ಕೆಲವು ವರ್ಷ ಹೀಗೇ ಕಳೆದು, ಒಂದು ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲ. ತಿಥಿಯ ದಿನ ಊರೆಲ್ಲ ಉಣ್ಣಲು ಬಂತು. ಹೆಣ ಮುಟ್ಟುವ ಕೈ ಎಂದವರೂ ಎಲೆಯ ಮುಂದೆ ಕೂತಿದ್ದರು. ಒಳ್ಳೆಯವರು, ಪಾಪ, ಕೊನೆಗೆ ಮರೆವು ಬಂತು ಎಂದು ಮಾತಾಡಿಕೊಳ್ಳುತ್ತಿದ್ದರು. ಅಮ್ಮ ಕಂಬಕ್ಕೆ ಒರಗಿ ಗಂಜಾಮಿನ ಕಥೆ ಹೇಳುತ್ತಿದ್ದರು, ತಮ್ಮ ಪೂಜೆ ಗಂಡನನ್ನು ನೀರಿನಿಂದ ಎತ್ತಿಕೊಟ್ಟ ಕಥೆ. ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿದರು.

“ನೀನೇ ಇದ್ದೆ ಅಲ್ವೇನವ್ವ ಅಲ್ಲಿ? ಏಳು ಇವ್ರಿಗೆ.”

ಎಲ್ಲರೂ ನನ್ನನ್ನೇ ನೋಡಿದರು. ನನಗೆ ಆ ಎಲೆಗಳನ್ನೆಲ್ಲ ಎತ್ತಿ ಬೀದಿಗೆ ಎಸೆಯುವಷ್ಟು ಕೋಪ ಬಂದಿತ್ತು. ಮರೆವು ಎಂದ ಒಬ್ಬೊಬ್ಬರ ಮುಖ ನೋಡಿ ನಿಜ ಹೇಳಬೇಕಿತ್ತು. ಅಮ್ಮನ ಮುಖ ನೋಡಿದೆ. ಗಂಡನನ್ನು ಕಳೆದುಕೊಂಡವರ ಮುಖದಲ್ಲಿ ಆ ಒಂದು ಹೆಮ್ಮೆ ಮಾತ್ರ ಉಳಿದಿತ್ತು.

“ಊಂ ಕಣಮ್ಮ” ಅಂದೆ. “ನಿಮ್ ಪೂಜೆಯಿಂದ್ಲೇ ಉಳ್ಕೊಂಡ್ರು.”

ಹೊರಗೆ ಬಂದು ಹಿತ್ತಲಲ್ಲಿ ನಿಂತು ಮೇಷ್ಟ್ರನ್ನು ಮನಸಾರೆ ಬೈದೆ. ಸತ್ತ ಮೇಲೂ ನನ್ನಿಂದ ಈ ಸುಳ್ಳು ಹೇಳಿಸಿದ್ದರು.

ಈಗ ಅಮ್ಮನೂ ಇಲ್ಲ. ಕೊನೆಯವರೆಗೂ ನಡುಗದ ಕೈಯಿಂದಲೇ ದೀಪ ಹಚ್ಚಿದರು. ಈ ನಿಜದಿಂದ ಕಾಪಾಡಬೇಕಾದವರು ಇನ್ನು ಯಾರೂ ಉಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅವತ್ತು ಸಿಲಿಂಡರು ತುಂಬಿತ್ತು. ತುಂಬಿಸಿದವರು ಮೇಷ್ಟ್ರು, ಕಡ್ಡಿಯನ್ನು ಮೇಲಿಟ್ಟವರೂ ಅವರೇ. ಅವರಿಗೆ ಮರೆವು ಇರಲಿಲ್ಲ. ಇದನ್ನು ಬಯಲು ಮಾಡಿದ್ದಕ್ಕೆ ಅವರಿದ್ದಿದ್ದರೆ ನನ್ನನ್ನು ಬೈಯುತ್ತಿದ್ದರು. ಬೈಯಲಿ.